ಕಾದ ಮೇಲೆ ಏರು ಹತ್ತದ ಗಾರ್ಡನ್ ಟ್ರ್ಯಾಕ್ಟರ್: ಬಿಚ್ಚುವ ಮುಂಚೆ ಇಷ್ಟು ನೋಡಿ

ತಣ್ಣಗಿದ್ದಾಗ ಚೆನ್ನಾಗಿ ಓಡುತ್ತದೆ, ಅರ್ಧ ಗಂಟೆ ಆದ ಮೇಲೆ ಏರು ಹತ್ತುವುದಿಲ್ಲ ಅಂತ ಕೇಳಿದ್ದೀರಿ ಅಲ್ವಾ? ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್ (ಪಂಪಿನಿಂದ ಎಣ್ಣೆಗೆ ಒತ್ತಡ ಕೊಟ್ಟು ಚಕ್ರ ತಿರುಗಿಸುವ ಭಾಗ) ಹೋಯಿತು ಅಂತ ಈಗಲೇ ತೀರ್ಮಾನ ಮಾಡಬೇಡಿ. ಮೊದಲು ಡ್ರೈವ್ ಬೆಲ್ಟ್ ಜಾರುತ್ತಿದೆಯಾ, ಬೈಪಾಸ್ ಲಿವರ್ (ಎಂಜಿನ್ ಆಫ್ ಇದ್ದಾಗ ಗಾಡಿ ತಳ್ಳಲು ಎಣ್ಣೆಯ ಒತ್ತಡ ಬಿಡುವ ಲಿವರ್) ಪೂರ್ತಿ ಮುಚ್ಚಿದೆಯಾ ನೋಡಿ. ಕೂಲಿಂಗ್ ಫ್ಯಾನ್ ರೆಕ್ಕೆ ಮುರಿದಿದ್ದರೂ, ಸುತ್ತ ಹುಲ್ಲು ಕಟ್ಟಿಕೊಂಡಿದ್ದರೂ ಎಣ್ಣೆ ಜಾಸ್ತಿ ಕಾಯುತ್ತದೆ. ಕಾದ ಎಣ್ಣೆ ತೆಳುವಾಗಿ, ಪಂಪಿನ ಸವೆದ ಸಂದುಗಳಲ್ಲಿ ಸೋರಿ ಒತ್ತಡ ಇಳಿಯುತ್ತದೆ. ನಿಮ್ಮ ತೊಂದರೆಯ ಬುಡ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಆಮೇಲೆ ಎಣ್ಣೆ, ಫಿಲ್ಟರ್ ಬದಲಿಸಿ. ಯಾವ ಎಣ್ಣೆ ಅಂತ ಮ್ಯಾನುಯಲ್ ನೋಡಿಯೇ ಹಾಕಿ. ಕೆಲವಕ್ಕೆ 20ಡಬ್ಲ್ಯೂ-50 ಎಂಜಿನ್ ಆಯಿಲ್, ಕೆಲವಕ್ಕೆ ಬೇರೆಯದು. ಎಣ್ಣೆ ಬದಲಿಸುವಾಗ ಒಳಗೆ ಸೇರಿದ ಗಾಳಿ ತೆಗೆಯುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಹಿಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ. ಬೈಪಾಸ್ ತೆರೆದು, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಡ್ರೈವ್ ಪೆಡಲ್ ಅಥವಾ ಲಿವರನ್ನು 5-6 ಸಲ ಮುಂದಕ್ಕೆ, ಹಿಂದಕ್ಕೆ ಮಾಡಿ. ಬೈಪಾಸ್ ಮುಚ್ಚಿ ಮತ್ತೆ ಹಾಗೇ ಮಾಡಿ. ಎಣ್ಣೆ ಮಟ್ಟ ಇಳಿದಿದ್ದರೆ ತುಂಬಿ.

ಇಷ್ಟಾದರೂ ಎಳೆಯದಿದ್ದರೆ, ಅಥವಾ ಹಳೆ ಎಣ್ಣೆಯಲ್ಲಿ ಲೋಹದ ಚೂರು ಕಂಡರೆ, ಆಗ ಟ್ರಾನ್ಸ್‌ಮಿಷನ್ ಬಿಚ್ಚಿ. ಅದರ ಪಂಪಿನ ಸಿಲಿಂಡರ್ ಬ್ಲಾಕಿನ (ಪಿಸ್ಟನ್‌ಗಳು ಕೂರುವ ತುಂಡು) ಮುಖದಲ್ಲಿ ಉಗುರಿಗೆ ಸಿಗುವಂಥ ಗೀರು ಇದ್ದರೆ ಸುಮ್ನೆ ಸೀಲ್ ಬದಲಿಸಿ ದುಡ್ಡು ಕಳೆಯಬೇಡಿ. ಸವೆದ ಭಾಗಗಳನ್ನೇ ಬದಲಿಸಬೇಕು.