ಗುರುತಿನವರು ಕಂಡರೆಂಬ ಸಂಕೋಚ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಅಂಗಡಿ ನಡೆಸುತ್ತೇನೆ. 15 ವರ್ಷಗಳ ಕುಡಿತವನ್ನು ಬಿಡಬೇಕೆಂದಿದ್ದೇನೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗಲು ಆಸೆಯಿದೆ, ಆದರೆ ಅಲ್ಲಿ ಗಿರಾಕಿಗಳು ಯಾರಾದರೂ ಕಂಡರೆ?
– ಹೆಸರು ಬೇಡ

ಉತ್ತರ: ಕಂಡರೆ, ಅವರೂ ತಮ್ಮ ಕುಡಿತದ ಕಾರಣಕ್ಕೇ ಅಲ್ಲಿಗೆ ಬಂದಿರುತ್ತಾರೆ! 1935ರಲ್ಲಿ ಅಮೆರಿಕದಲ್ಲಿ ಒಬ್ಬ ಷೇರು ವ್ಯವಹಾರದವರೂ ಒಬ್ಬ ವೈದ್ಯರೂ, ಇಬ್ಬರೂ ಕುಡಿತದಿಂದ ಬಳಲಿದವರೇ, ಆರಂಭಿಸಿದ ಈ ಕೂಟದಲ್ಲಿ ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಪೂರ್ಣ ಹೆಸರು ಹೇಳಬೇಕಿಲ್ಲ, ಮೊದಲ ದಿನ ಮಾತನಾಡದೆ ಕೇಳುತ್ತ ಕುಳಿತರೂ ಆದೀತು.

ಆದರೆ ನನಗೆ ನಿಮ್ಮ ಸಂಕೋಚಕ್ಕಿಂತ ಆತುರದ ಚಿಂತೆ ಹೆಚ್ಚು. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ, ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಹತ್ತಿರದ ಸಭೆಯ ಸ್ಥಳ, ಸಮಯವನ್ನೂ ಅವರಲ್ಲಿಯೇ ವಿಚಾರಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಒಂದು ಸಭೆ ಹಿಡಿಸದಿದ್ದರೆ ಬೇರೊಂದಕ್ಕೆ ಹೋಗಿ ನೋಡಿ; ಎಲ್ಲ ಗುಂಪುಗಳೂ ಒಂದೇ ರೀತಿ ಇರುವುದಿಲ್ಲ.