ಎರಡು ಕುರ್ಚಿಯ ಸ್ವಂತ ಸಲೂನ್‌ಗೆ ತೆರಿಗೆ ಎಷ್ಟು ಬರುತ್ತದೆ, ಖರ್ಚಿನ ಲೆಕ್ಕ ಹೇಗೆ ಇಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿನಲ್ಲಿ ಬೇರೆಯವರ ಸಲೂನ್‌ನಲ್ಲಿದ್ದವರು ಹೋದ ವರ್ಷ ಯುಗಾದಿಗೆ ಹುಬ್ಬಳ್ಳಿಯಲ್ಲಿ ಎರಡು ಕುರ್ಚಿಯ ಸ್ವಂತ ಅಂಗಡಿ ಹಾಕಿದ್ದೀರಿ. ಕೆಲಸಕ್ಕೆ ಒಬ್ಬ ಹುಡುಗ ಇದ್ದಾನೆ. ತಿಂಗಳಿಗೆ ಹೆಚ್ಚುಕಡಿಮೆ 90,000 ರೂಪಾಯಿ ವ್ಯಾಪಾರ, ಅದರಲ್ಲಿ ಮುಕ್ಕಾಲು ಪಾಲು ಯುಪಿಐನಲ್ಲಿ ಬರುತ್ತದೆ. ತೆರಿಗೆ ಕಟ್ಟಬೇಕಾ, ಖರ್ಚು ಹೇಗೆ ಬರೆದಿಡಬೇಕು, ಅಕೌಂಟೆಂಟ್ ಬೇಕಾ, ಪಕ್ಕದ ಅಂಗಡಿಯವರು ಹೇಳಿದ ಹಾಗೆ ಕ್ಯೂಆರ್ ಕೋಡ್ ಕಿತ್ತುಹಾಕಬೇಕಾ ಎಂದು ಕೇಳಿದ್ದೀರಿ.

ಕ್ಯೂಆರ್ ಕೋಡ್ ಕೀಳಬೇಡಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾನು ಶಿವಮೊಗ್ಗದಲ್ಲಿ ಇದೇ ಕಸುಬು ಮಾಡುವವನು. ತಂದೆಯ ಕಾಲದ ಅಂಗಡಿ. ನಮ್ಮವರಲ್ಲಿ ಎಷ್ಟೋ ಜನ ತೆರಿಗೆ ಎಂಬ ಮಾತು ಬಂದರೆ ಸಾಕು, ಎದ್ದು ಹೋಗುತ್ತಾರೆ. ಅದರಿಂದ ನಷ್ಟ ಆಗುವುದು ನಮಗೇ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಪಕ್ಕದವರಿಗೆ ಆ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ಹೋಯಿತು. ಬೆಂಗಳೂರಿನಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಆದರೆ ಆ ನೋಟಿಸ್ ಆದಾಯ ತೆರಿಗೆಯದ್ದಲ್ಲ, ಜಿಎಸ್‌ಟಿಯದ್ದು. ಸೇವೆ ಕೊಡುವವರಾದರೆ ವರ್ಷದ ವಹಿವಾಟು 20 ಲಕ್ಷ, ಬರೀ ಸರಕು ಮಾರುವವರಾದರೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ದಾಟಿದ ಹಾಗೆ ಕಂಡವರಿಗೆ ನೋಟಿಸ್ ಬಂತು.

ನಮ್ಮದು ಸೇವೆ. ಹಾಗಾಗಿ ನಮ್ಮ ಗೆರೆ 20 ಲಕ್ಷ. ತಿಂಗಳಿಗೆ ಭಾಗಿಸಿದರೆ ಸುಮಾರು 1,66,000. ನಿಮ್ಮ ವ್ಯಾಪಾರ ವರ್ಷಕ್ಕೆ 10.8 ಲಕ್ಷ, ಗೆರೆಯಿಂದ ತುಂಬಾ ದೂರ ಇದ್ದೀರಿ. ಕ್ಯಾಶ್ ತೆಗೆದುಕೊಂಡರೆ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದೂ ತಪ್ಪು ತಿಳಿವಳಿಕೆ. ಕ್ಯಾಶ್, ಯುಪಿಐ, ಕಾರ್ಡ್, ನೀವು ಮಾರುವ ಶಾಂಪೂ ಬಾಟಲಿ, ಎಲ್ಲ ಸೇರಿ 20 ಲಕ್ಷ. ಮುಂದೆ ಅದೇ ಪ್ಯಾನ್‌ನಲ್ಲಿ ಇನ್ನೊಂದು ಅಂಗಡಿ ಹಾಕಿದರೆ ಎರಡನ್ನೂ ಕೂಡಿಸಿ ನೋಡುತ್ತಾರೆ. ಖರ್ಚು ಕಳೆಯುವ ಹಾಗಿಲ್ಲ, ಬಂದ ದುಡ್ಡಷ್ಟೇ ಲೆಕ್ಕ.

ಮುಂದೆ ಎಂದಾದರೂ ದಾಟಿದರೂ ಗಾಬರಿ ಬೇಡ. ಸಲೂನ್ ಸೇವೆಗೆ ಮೊದಲು 18 ಪರ್ಸೆಂಟ್ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 5 ಪರ್ಸೆಂಟ್ ಆಗಿದೆ. ನೀವು ಸಾಮಾನು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಅದರಲ್ಲಿ ಕಳೆಯುವ ಹಾಗಿಲ್ಲ, ಅಷ್ಟೇ. 200 ರೂಪಾಯಿ ಕಟಿಂಗ್‌ಗೆ 10 ರೂಪಾಯಿ. ಕಾಂಪೊಸಿಷನ್ (ಸಣ್ಣವರಿಗೆಂದು ಜಿಎಸ್‌ಟಿಯಲ್ಲಿರುವ ಸರಳ ಪದ್ಧತಿ) ಮಾಡಿಸಿ, ಸುಲಭ ಎಂದು ಯಾರಾದರೂ ಹೇಳಬಹುದು. ಸೇವೆಯವರಿಗೆ ಕಾಂಪೊಸಿಷನ್‌ನಲ್ಲಿ 6 ಪರ್ಸೆಂಟ್, ಅದನ್ನು ಗಿರಾಕಿಯಿಂದ ಕೇಳಿ ಪಡೆಯುವಂತಿಲ್ಲ, ನಿಮ್ಮ ಕೈಯಿಂದಲೇ ಕಟ್ಟಬೇಕು. 18 ಇದ್ದಾಗ ಅದರಲ್ಲಿ ಅರ್ಥ ಇತ್ತು. ಈಗ ನನಗೇನೂ ಕಾಣುತ್ತಿಲ್ಲ.

ಯುಪಿಐ ವಿಷಯದಲ್ಲಿ ನಿಜವಾಗಿ ಮಾಡಬೇಕಾದ ಕೆಲಸ ಒಂದಿದೆ. ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಮಾಡಿ, ಕ್ಯೂಆರ್ ಕೋಡ್ ಅದಕ್ಕೇ ಜೋಡಿಸಿ. ಈಗ ಒಂದೇ ನಂಬರಿಗೆ ಕಟಿಂಗ್ ದುಡ್ಡು, ತಮ್ಮ ಕಳಿಸಿದ ದುಡ್ಡು, ಚೀಟಿ ಎತ್ತಿದ ದುಡ್ಡು, ಗೆಳೆಯ ವಾಪಸ್ ಕೊಟ್ಟ ಸಾಲ ಎಲ್ಲ ಬೀಳುತ್ತಿರುತ್ತದೆ ಅಲ್ವಾ? ಹೊರಗಿನಿಂದ ನೋಡುವವರಿಗೆ ಎಲ್ಲವೂ ವ್ಯಾಪಾರದ ಹಾಗೆ ಕಾಣುತ್ತದೆ. ಯಾವುದು ಯಾವುದು ಅಂತ ನಾಲ್ಕು ವರ್ಷ ಆದಮೇಲೆ ನೆನಪಿಸಿಕೊಂಡು ಹೇಳುವುದು ಯಾರಿಂದಲೂ ಆಗುವುದಿಲ್ಲ. ಖಾತೆ ಬೇರೆ ಇದ್ದರೆ ಆ ಪ್ರಶ್ನೆಯೇ ಬರುವುದಿಲ್ಲ.

ಇನ್ನು ಆದಾಯ ತೆರಿಗೆ. ಸಣ್ಣ ವ್ಯಾಪಾರಿಗಳಿಗೆ 1961ರ ಕಾಯ್ದೆಯಲ್ಲಿ 44ಎಡಿ ಎಂಬ ಕಲಮು ಇದೆ. ಏಪ್ರಿಲ್ 2026ರಿಂದ 2025ರ ಹೊಸ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆ, ಆದರೆ ಈ ಸೌಲಭ್ಯ ಮುಂದುವರಿದಿದೆ. ಇದರಲ್ಲಿ ಬಿಲ್ಲು, ರಸೀದಿ ಎಲ್ಲ ತೋರಿಸಿ ಖರ್ಚು ಕಳೆಯುವ ಕೆಲಸ ಇಲ್ಲ. ಬ್ಯಾಂಕ್ ಅಥವಾ ಯುಪಿಐನಲ್ಲಿ ಬಂದ ದುಡ್ಡಿನಲ್ಲಿ ಕನಿಷ್ಠ 6 ಪರ್ಸೆಂಟ್, ಕ್ಯಾಶ್‌ನಲ್ಲಿ ಕನಿಷ್ಠ 8 ಪರ್ಸೆಂಟ್ ಲಾಭ ಎಂದು ತೋರಿಸಬೇಕು. ತುಂಬುವ ಫಾರಂ ಐಟಿಆರ್-4, ಸುಗಮ್ ಎನ್ನುತ್ತಾರೆ. ಡಾಕ್ಟರು, ವಕೀಲರಂಥವರಿಗೆ 44ಎಡಿಎ ಎಂಬ ಬೇರೆ ಕಲಮಿದೆ, ಅದರಲ್ಲಿ ಅರ್ಧ ವರಮಾನವೇ ಲಾಭ. ನಮ್ಮ ಕಸುಬು ಆ ಪಟ್ಟಿಯಲ್ಲಿ ಇಲ್ಲ. ಫಾರಂ ತುಂಬುವವರು ಅದನ್ನು ಹಾಕಿಬಿಡದಂತೆ ನೋಡಿಕೊಳ್ಳಿ.

ನಿಮ್ಮ ಲೆಕ್ಕಕ್ಕೇ ಬರೋಣ. ಯುಪಿಐನಲ್ಲಿ 8,10,000, ಅದಕ್ಕೆ 6 ಪರ್ಸೆಂಟ್ ಅಂದರೆ 48,600. ಕ್ಯಾಶ್ 2,70,000, ಅದಕ್ಕೆ 8 ಪರ್ಸೆಂಟ್ ಅಂದರೆ 21,600. ಎರಡೂ ಸೇರಿ 70,200. ಹೆಚ್ಚಿನ ಏಜೆಂಟರು ಇಷ್ಟನ್ನೇ ತೋರಿಸಿ ಫೈಲ್ ಮಾಡಿ ಕಳಿಸುತ್ತಾರೆ.

ಇದನ್ನು ನಾನು ಒಪ್ಪುವುದಿಲ್ಲ. ಕಾನೂನು ಹೇಳುವುದು ಕನಿಷ್ಠ ಇಷ್ಟು, ಅದಕ್ಕಿಂತ ಜಾಸ್ತಿ ಗಳಿಸಿದ್ದರೆ ಜಾಸ್ತಿ ತೋರಿಸಿ ಎಂದು. ಸಲೂನ್‌ನಲ್ಲಿ ಸಾಮಾನಿನ ಖರ್ಚು ಕಡಿಮೆ, ಕೈಕೆಲಸ ಜಾಸ್ತಿ. 6 ಪರ್ಸೆಂಟ್ ಲಾಭಕ್ಕೆ ಯಾರೂ ಬೆಳಗ್ಗೆಯಿಂದ ರಾತ್ರಿವರೆಗೆ ನಿಂತು ಕತ್ತರಿ ಆಡಿಸುವುದಿಲ್ಲ. ಬಾಡಿಗೆ 14,000, ಹುಡುಗನಿಗೆ 17,000, ಬ್ಲೇಡು, ಕಲರು, ಕ್ರೀಮು ಎಲ್ಲ ಸೇರಿ 11,000, ಕರೆಂಟು ನೀರಿಗೆ 4,500, ಟವೆಲ್ ಒಗೆಸುವುದು, ಚಹಾ, ಸೌಂಡ್ ಬಾಕ್ಸ್ ಬಾಡಿಗೆ ಅಂತ 3,500 ಇಟ್ಟುಕೊಳ್ಳೋಣ. ಒಟ್ಟು 50,000. ನಿಮಗೆ ಉಳಿಯುವುದು ತಿಂಗಳಿಗೆ 40,000, ವರ್ಷಕ್ಕೆ 4,80,000.

ಈಗ ಇದಕ್ಕೆ ತೆರಿಗೆ ನೋಡಿ. 2025-26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ, 4ರಿಂದ 8 ಲಕ್ಷಕ್ಕೆ 5 ಪರ್ಸೆಂಟ್. 4 ಲಕ್ಷದ ಮೇಲಿನ ನಿಮ್ಮ 80,000ಕ್ಕೆ 4,000 ಬರುತ್ತದೆ. ಆದರೆ ಆದಾಯ 12 ಲಕ್ಷದ ಒಳಗಿದ್ದರೆ 87ಎ ರಿಯಾಯಿತಿಯಲ್ಲಿ ಅದೂ ಮಾಫಿ. ಕಟ್ಟಬೇಕಾದ್ದು ಸೊನ್ನೆ. 70,200 ತೋರಿಸಿದರೂ ಸೊನ್ನೆ, ನಿಜವಾದ 4,80,000 ತೋರಿಸಿದರೂ ಸೊನ್ನೆ. ಹಾಗಿದ್ದಮೇಲೆ ಕಡಿಮೆ ತೋರಿಸಿ ಸಿಗುವುದೇನು?

ಕಳೆದುಕೊಳ್ಳುವುದು ಮಾತ್ರ ಬಹಳ ಇದೆ. ಮನೆ ಕಟ್ಟಲು, ಮಗಳ ಓದಿಗೆ, ಇನ್ನೊಂದು ಕುರ್ಚಿ ಹಾಕಲು ಬ್ಯಾಂಕಿಗೆ ಹೋದರೆ ಮೊದಲು ಕೇಳುವುದೇ ಎರಡು ಮೂರು ವರ್ಷದ ರಿಟರ್ನ್. ವರ್ಷಕ್ಕೆ 70,000 ಗಳಿಸುವವನಿಗೆ ಅವರು ಎಷ್ಟು ಸಾಲ ಕೊಟ್ಟಾರು? ನಮ್ಮ ಕಸುಬಿನವರು ಬ್ಯಾಂಕ್ ಬಿಟ್ಟು ಬಡ್ಡಿ ದುಡ್ಡಿಗೆ ಕೈಚಾಚುವುದನ್ನು ನೋಡಿ ನೋಡಿ ನನಗೆ ಸಂಕಟ ಆಗುತ್ತದೆ. ದುಡಿಮೆ ಇದ್ದೂ ಕಾಗದದಲ್ಲಿ ಇರುವುದಿಲ್ಲ. ಇಷ್ಟು ಉದ್ದಕ್ಕೆ ಬರೆಯುತ್ತಿರುವುದೂ ಅದಕ್ಕೇ.

ನೆನಪಿಡಿ, ಆದಾಯ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆ ಇದ್ದರೂ ರಿಟರ್ನ್ ಸಲ್ಲಿಸುವುದು ಕಡ್ಡಾಯ. ಗಡುವು ಮೀರಿದರೆ 5 ಲಕ್ಷದೊಳಗಿನ ಆದಾಯಕ್ಕೆ 1,000, ಮೇಲಿದ್ದರೆ 5,000 ದಂಡ. ಮುಂದೆ ನಿಜವಾಗಿ ತೆರಿಗೆ ಬರುವಷ್ಟು ಬೆಳೆದಾಗ, ಅದು 10,000 ಮುಟ್ಟಿದರೆ ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕು. ನಮ್ಮಂಥವರಿಗೆ ಒಂದೇ ಕಂತು.

ಬಿಲ್ಲು ತೋರಿಸಬೇಕಾಗಿಲ್ಲ ಎಂದಮೇಲೆ ಖರ್ಚು ಯಾಕೆ ಬರೆಯಬೇಕು ಅನ್ನಬಹುದು. ಆ 40,000 ನಿಜವಾಗಿ 40,000 ಹೌದೋ ಅಲ್ಲವೋ ಗೊತ್ತಾಗುವುದು ಬರೆದಾಗಲೇ. ಒಂದು ದಪ್ಪ ನೋಟ್ ಬುಕ್ ಸಾಕು. ರಾತ್ರಿ ಶಟರ್ ಎಳೆಯುವ ಮುಂಚೆ ಗಲ್ಲಾ ಎಣಿಸಿ, ಆ ದಿನದ ಕ್ಯಾಶ್ ಎಷ್ಟು, ಯುಪಿಐ ಎಷ್ಟು, ಅಂಗಡಿ ಖರ್ಚು ಎಷ್ಟು, ಮನೆಗೆ ತೆಗೆದದ್ದು ಎಷ್ಟು ಎಂದು ನಾಲ್ಕು ಅಂಕಿ ಬರೆಯಿರಿ. ಕಲರ್, ಫೇಶಿಯಲ್ ಸಾಮಾನು ಕೊಂಡ ಬಿಲ್ಲುಗಳನ್ನು ತಿಂಗಳಿಗೊಂದು ಕವರ್‌ನಲ್ಲಿ ಹಾಕಿಡಿ.

ನಾಲ್ಕನೇ ಅಂಕಿ ಬಹಳ ಮುಖ್ಯ. ತರಕಾರಿಗೆ 200, ಪೆಟ್ರೋಲಿಗೆ 300 ಎಂದು ಗಲ್ಲಾದಿಂದ ಸುಮ್ನೆ ಎತ್ತುತ್ತಾ ಇದ್ದರೆ ಅಂಗಡಿ ನಡೆಯುತ್ತಿದೆಯೋ ಮುಳುಗುತ್ತಿದೆಯೋ ತಿಳಿಯುವುದಿಲ್ಲ. ಅದು ಅಂಗಡಿಯ ಖರ್ಚಲ್ಲ, ನಿಮ್ಮ ಲಾಭದಿಂದ ತೆಗೆದದ್ದು. ನಾನು ತಿಂಗಳಲ್ಲಿ ಎರಡು ಸಲ, ಇಂತಿಷ್ಟೇ ಎಂದು ಅಂಗಡಿ ಖಾತೆಯಿಂದ ಮನೆ ಖಾತೆಗೆ ಹಾಕಿಕೊಳ್ಳುತ್ತೇನೆ. ಗಲ್ಲಾಕ್ಕೆ ಮನೆಯವರು ಯಾರೂ ಕೈ ಹಾಕುವುದಿಲ್ಲ.

ಖರ್ಚಿನ ಹಾಗೆ ಕಂಡು ಖರ್ಚಲ್ಲದ ಇನ್ನೂ ಕೆಲವು ಇವೆ. ಅಂಗಡಿ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ನಿಮ್ಮದೇ ದುಡ್ಡು, ಬಿಟ್ಟಾಗ ವಾಪಸ್ ಬರಬೇಕಾದದ್ದು. ಅದರ ಕರಾರು ಪತ್ರ ಭದ್ರವಾಗಿಡಿ, ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಹುಡುಗರಿಗೆ ಕೊಡುವ ಮುಂಗಡವೂ ಹಾಗೇ, ಸಂಬಳದಲ್ಲಿ ಮುರಿದುಕೊಂಡಾಗಲೇ ಅದು ಖರ್ಚು. ಕುರ್ಚಿ, ಕನ್ನಡಿ, ಎಸಿಗೆ ಹಾಕಿದ್ದನ್ನು ಒಂದೇ ತಿಂಗಳಿಗೆ ಬರೆಯದೆ ಐದು ವರ್ಷಕ್ಕೆ ಹಂಚಿ. 30,000ದ ಕುರ್ಚಿ ತಿಂಗಳಿಗೆ 500 ಖರ್ಚು. ಆ 500ನ್ನು ನಿಜವಾಗಿಯೂ ಬೇರೆ ತೆಗೆದಿಟ್ಟರೆ ಕುರ್ಚಿ ಹಾಳಾದ ದಿನ ಸಾಲ ಮಾಡಬೇಕಾಗಿಲ್ಲ. ಹುಡುಗನಿಗೆ ಸಂಬಳದ ಬದಲು ಪರ್ಸೆಂಟೇಜ್ ಕೊಡುತ್ತಿದ್ದರೆ ಗಿರಾಕಿ ಕೊಟ್ಟ ಪೂರ್ತಿ ದುಡ್ಡು ನಿಮ್ಮ ವಹಿವಾಟು, ಅವನ ಪಾಲು ನಿಮ್ಮ ಖರ್ಚು. ಅವನ ಪಾಲು ಅವನ ಫೋನಿಗೇ ನೇರ ಬೀಳುವ ಹಾಗೆ ಮಾಡಬೇಡಿ, ಇಬ್ಬರ ಲೆಕ್ಕವೂ ಕೆಡುತ್ತದೆ.

ಒಂದು ವರ್ಷ ಬರೆದರೆ ನಮ್ಮ ಕಸುಬಿನ ಏರಿಳಿತ ಕಣ್ಣಿಗೆ ಕಾಣುತ್ತದೆ. ಮಂಗಳವಾರ ಹೇಗೂ ರಜೆ. ಶ್ರಾವಣದಲ್ಲಿ ತಲೆಗೆ ಕತ್ತರಿ ತಾಗಿಸದವರು ಬಹಳ. ನವೆಂಬರ್‌ನಿಂದ ಸಂಕ್ರಾಂತಿವರೆಗೆ ಅಯ್ಯಪ್ಪ ಮಾಲೆ ಹಾಕಿದವರು ಗಡ್ಡ ಬಿಡುತ್ತಾರೆ. ಮದುವೆ ಕಾಲ, ಯುಗಾದಿ, ದೀಪಾವಳಿಯ ಹಿಂದಿನ ವಾರಗಳಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಬಾಡಿಗೆ, ಸಂಬಳ ಮಾತ್ರ ಎಲ್ಲ ತಿಂಗಳೂ ಅಷ್ಟೇ. ಅದಕ್ಕೆ ಎರಡು ತಿಂಗಳ ಬಾಡಿಗೆ ಮತ್ತು ಸಂಬಳದಷ್ಟು ಹಣವನ್ನು ಭರ್ಜರಿ ತಿಂಗಳಲ್ಲೇ ಕಟ್ಟಿಟ್ಟುಕೊಳ್ಳಿ.

ಉಳಿದ ಕಾಗದಗಳು ಬೇಗ ಆಗುತ್ತವೆ. ಪಾಲಿಕೆಯಿಂದ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ. ವೃತ್ತಿ ತೆರಿಗೆಯ ಬಗ್ಗೆಯೂ ವಿಚಾರಿಸಿ, ಅದು ಎಷ್ಟೇ ಆದರೂ ವರ್ಷಕ್ಕೆ 2,500 ಮೀರುವುದಿಲ್ಲ. ಸಣ್ಣ ಉದ್ಯಮ ಎಂದು ಕೇಂದ್ರ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕರೂ ಇದ್ದಾರೆ. 15,000ದವರೆಗೆ ಸಲಕರಣೆಗೆ ನೆರವು, 5 ಪರ್ಸೆಂಟ್ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದವರಿಗೆ ಮತ್ತೆ 2 ಲಕ್ಷ ಸಾಲ. ಆದರೆ ಮುದ್ರಾ ಸಾಲ ತೆಗೆದುಕೊಂಡು ಇನ್ನೂ ತೀರಿಸದವರಿಗೆ ಇದು ಸಿಗುವುದಿಲ್ಲ, ಮನೆಗೆ ಒಬ್ಬರಿಗೇ. ಹಾಗಾಗಿ ಯಾವುದಕ್ಕೆ ಮೊದಲು ಅರ್ಜಿ ಹಾಕಬೇಕೆಂದು ಯೋಚಿಸಿ ಹಾಕಿ.

ಅಕೌಂಟೆಂಟ್ ಮೊದಲ ವರ್ಷ ಇದ್ದರೆ ಒಳ್ಳೆಯದು. ಏಪ್ರಿಲ್ ಕಳೆದಮೇಲೆ ಅಂಗಡಿ ಖಾತೆಯ ಸ್ಟೇಟ್‌ಮೆಂಟ್, ನೋಟ್ ಬುಕ್ಕಿನ ತಿಂಗಳವಾರು ಮೊತ್ತ, ಪ್ಯಾನ್, ಆಧಾರ್ ತೆಗೆದುಕೊಂಡು ಹೋಗಿ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಎಐಎಸ್, ಅಂದರೆ ನಿಮ್ಮ ಹಣದ ವ್ಯವಹಾರದ ಬಗ್ಗೆ ಇಲಾಖೆಯ ಬಳಿ ಇರುವ ವರ್ಷದ ಮಾಹಿತಿ ಪಟ್ಟಿ ತೆಗೆಸಿ, ಅದರಲ್ಲಿ ಕಾಣುವ ಬ್ಯಾಂಕ್ ಬಡ್ಡಿಯನ್ನೂ ಸೇರಿಸಲು ಹೇಳಿ. ಲಾಭದ ಜಾಗದಲ್ಲಿ ನಿಮ್ಮ ಪುಸ್ತಕದ ಅಂಕಿಯನ್ನೇ ಹಾಕಿಸಿ. ಪಾಸ್‌ವರ್ಡ್ ಮತ್ತು ನೋಂದಾಯಿಸಿದ ಮೊಬೈಲ್ ನಂಬರ್ ನಿಮ್ಮದೇ ಇರಲಿ, ಅವರದ್ದು ಬೇಡ. ಸಲ್ಲಿಸಿದ 30 ದಿನದೊಳಗೆ ಆಧಾರ್ ಓಟಿಪಿಯಿಂದ ಇ-ವೆರಿಫೈ ಮಾಡಿ. ಅದಾಗದಿದ್ದರೆ ಸಮಯಕ್ಕೆ ಸಲ್ಲಿಸಿದ ಲೆಕ್ಕಕ್ಕೆ ಬರುವುದಿಲ್ಲ.