ಅಮೆರಿಕದಲ್ಲಿ ಎಂ.ಎಸ್.: ಯೂನಿವರ್ಸಿಟಿ ಅಪ್ಪ ಅಮ್ಮನ ಜೊತೆ ಮಾತಾಡುತ್ತದೆಯೇ?

ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಬರುತ್ತಿದ್ದೀರಿ, ಅಪ್ಪ ಅಮ್ಮ ಹಾಸನದಲ್ಲಿರುತ್ತಾರೆ, ಏನಾದರೂ ತೊಂದರೆಯಾದರೆ ಅವರು ನೇರವಾಗಿ ಯೂನಿವರ್ಸಿಟಿಗೆ ಫೋನ್ ಮಾಡಿ ವಿಚಾರಿಸಬಹುದೇ ಎಂದು ಕೇಳಿದ್ದೀರಿ. ಫೋನ್ ಮಾಡಬಹುದು. ಆದರೆ ನೀವು ಮೊದಲೇ ಸಹಿ ಮಾಡಿ ಒಪ್ಪಿಗೆ ಕೊಟ್ಟಿರದಿದ್ದರೆ ನಿಮ್ಮ ಮಾರ್ಕ್ಸ್, ಫೀಸು, ಹಾಜರಿ ಯಾವುದರ ಬಗ್ಗೆಯೂ ಅವರಿಗೆ ಉತ್ತರ ಸಿಗುವುದಿಲ್ಲ. ಮನೆಯವರಿಗೆ ಇಲ್ಲಿ ಒಂದು ಜಾಗ ಬೇಕೆಂದರೆ ಅದನ್ನು ನೀವೇ ಮಾಡಿಕೊಡಬೇಕು, ಅದೂ ಎಲ್ಲ ಚೆನ್ನಾಗಿರುವಾಗಲೇ.

ಊರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹಾಜರಾತಿ ಶೇ. 85ಕ್ಕಿಂತ ಕೆಳಗಿಳಿದರೆ ಮನೆಗೆ ಸುದ್ದಿ ಮುಟ್ಟುತ್ತದೆ, ಅಪ್ಪ ಬಂದು ಎಚ್‌ಒಡಿಯನ್ನು ಕಾಣುತ್ತಾರೆ. ಇಲ್ಲಿ 1974ರ ಫೆರ್ಪಾ ಕಾಯ್ದೆಯ ಪ್ರಕಾರ ಕಾಲೇಜು ಸೇರಿದ ಕೂಡಲೇ ಓದಿನ ದಾಖಲೆಗಳ ಮೇಲಿನ ಹಕ್ಕು ತಂದೆತಾಯಿಯ ಕೈಬಿಟ್ಟು ವಿದ್ಯಾರ್ಥಿಗೆ ಬರುತ್ತದೆ. ಫೀಸು ಕಟ್ಟುವವರು ಯಾರು ಎಂಬುದು ಲೆಕ್ಕಕ್ಕಿಲ್ಲ. ಅಮೆರಿಕದಲ್ಲೇ ತೆರಿಗೆ ಕಟ್ಟುವ ತಂದೆತಾಯಿ ಮಗನನ್ನು ಅವಲಂಬಿತ ಎಂದು ತೋರಿಸಿದ್ದರೆ ಯೂನಿವರ್ಸಿಟಿ ಮನಸ್ಸು ಮಾಡಿ ಮಾಹಿತಿ ಕೊಡಬಹುದು. ನಿಮ್ಮ ತಂದೆಗೆ ಆ ದಾರಿಯಿಲ್ಲ. ಆರೋಗ್ಯಕ್ಕೋ ಸುರಕ್ಷತೆಗೋ ಅಪಾಯವಾದಾಗ ಒಪ್ಪಿಗೆಯಿಲ್ಲದೆಯೂ ಮನೆಗೆ ತಿಳಿಸಲು ಅವಕಾಶವಿದೆ, ಆದರೆ ತಿಳಿಸಲೇಬೇಕೆಂಬ ಕಡ್ಡಾಯವಿಲ್ಲ.

ಬಂದ ಮೊದಲ ವಾರದಲ್ಲೇ ರಿಜಿಸ್ಟ್ರಾರ್ ಕಚೇರಿಯ ಒಪ್ಪಿಗೆ ಪತ್ರ ತುಂಬಿ. ಯಾವ ದಾಖಲೆ, ಯಾರಿಗೆ, ಯಾವ ಉದ್ದೇಶಕ್ಕೆ ಎಂದು ಬರೆದು ಸಹಿ, ದಿನಾಂಕ ಹಾಕಬೇಕು. ಹಲವು ಕಡೆ ಇದು ಪೋರ್ಟಲ್‌ನಲ್ಲೇ ಇರುತ್ತದೆ. ತಂದೆಯ ಇಮೇಲ್‌ಗೆ ಪ್ರತ್ಯೇಕ ಲಾಗಿನ್ ಹೋಗುತ್ತದೆ. ಬಿಲ್ ನೋಡುವ ಅನುಮತಿಯನ್ನು ಖಂಡಿತ ಕೊಡಿ. ಗ್ರೇಡ್‌ಗಳನ್ನು ಸೆಮಿಸ್ಟರ್ ಮುಗಿದ ಮೇಲೆ ನೀವೇ ಹೇಳುವುದು ಒಳ್ಳೆಯದು, ಪ್ರತಿ ಕ್ವಿಜ್‌ನ ಅಂಕ ಹಾಸನದಲ್ಲಿ ನಿದ್ದೆ ಕೆಡಿಸಬೇಕಾಗಿಲ್ಲ. ನಿಮ್ಮ ಸ್ವಂತ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ. ಆ ಲಾಗಿನ್‌ನಿಂದ ಕೋರ್ಸ್ ಕೈಬಿಡುವುದೂ ಒಂದೇ ಕ್ಲಿಕ್.

ಆಸ್ಪತ್ರೆಯ ಕಾಗದ ಬೇರೆ. ಎಮರ್ಜೆನ್ಸಿ ಕಾಂಟ್ಯಾಕ್ಟ್ ಎಂದು ಹೆಸರು ಬರೆದ ಮಾತ್ರಕ್ಕೆ ಚಿಕಿತ್ಸೆಯ ವಿವರ ತಿಳಿಯುವ ಅಥವಾ ನಿರ್ಧಾರ ಮಾಡುವ ಅಧಿಕಾರ ಬರುವುದಿಲ್ಲ. ನಿಮಗೆ ಪ್ರಜ್ಞೆ ತಪ್ಪಿದರೆ ನಿಮ್ಮ ಪರವಾಗಿ ಮಾತಾಡುವವರು ಯಾರೆಂದು ಹೇಳುವ ಹೆಲ್ತ್ ಕೇರ್ ಪ್ರಾಕ್ಸಿ ಪತ್ರ ಬೇಕು. ಅದರ ನಮೂನೆ ರಾಜ್ಯಕ್ಕೊಂದು. ಕೆಲವೆಡೆ ಸಾಕ್ಷಿಗಳು, ಕೆಲವೆಡೆ ನೋಟರಿ. ತಂದೆ ಅಥವಾ ತಾಯಿಯ ಜೊತೆಗೆ ಅಮೆರಿಕದಲ್ಲೇ ಇರುವ ಒಬ್ಬರ ಹೆಸರನ್ನೂ ಹಾಕಿ, ಏಕೆಂದರೆ ಇಲ್ಲಿ ಆಪರೇಷನ್ ಆಗುವ ಹೊತ್ತಿಗೆ ಅಲ್ಲಿ ನಡುರಾತ್ರಿಯಾಗಿರಬಹುದು.

ಈಗ ಮನೆಯವರಿಗೆ ಹೇಳಬೇಕಾದದ್ದು. ನಿಮ್ಮಿಂದ ಸುದ್ದಿಯೇ ಇಲ್ಲ ಎಂದಾದರೆ ಇಲ್ಲಿಯ ತುರ್ತು ಸಂಖ್ಯೆ 911ನ್ನು ಭಾರತದಿಂದ ಒತ್ತಿದರೆ ಇಲ್ಲಿಗೆ ಬರುವುದಿಲ್ಲ. ಕ್ಯಾಂಪಸ್ ಪೊಲೀಸರ ಹತ್ತು ಅಂಕಿಯ ನೇರ ನಂಬರನ್ನು +1 ಸೇರಿಸಿ ಅಪ್ಪ, ಅಮ್ಮ ಇಬ್ಬರ ಫೋನಿನಲ್ಲೂ ಈಗಲೇ ಉಳಿಸಿ. ಕ್ಯಾಂಪಸ್ ಹೊರಗೆ ಮನೆ ಮಾಡಿದರೆ ಆ ಊರಿನ ಪೊಲೀಸರದ್ದೂ ಬೇಕು. ಫೆರ್ಪಾ ಮಾಹಿತಿ ಕೊಡುವುದನ್ನು ತಡೆಯುತ್ತದೆಯೇ ಹೊರತು ಮನೆಯವರ ಮಾತು ಕೇಳಿಸಿಕೊಳ್ಳುವುದನ್ನಲ್ಲ. ಆದ್ದರಿಂದ ಅವರು "ನನ್ನ ಮಗ ಹೇಗಿದ್ದಾನೆ" ಎಂದು ಕೇಳುವ ಬದಲು "ಅವನ ಬಗ್ಗೆ ಆತಂಕವಾಗಿದೆ, ಯಾರಾದರೂ ಹೋಗಿ ನೋಡಿ" ಎನ್ನಬೇಕು. ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ವಿದ್ಯಾರ್ಥಿ ಸಂಖ್ಯೆ, ರೂಮಿನ ಪೂರ್ತಿ ವಿಳಾಸ, ಕೊನೆಯ ಸಲ ಮಾತಾಡಿದ್ದು ಯಾವಾಗ, ಏನು ಬದಲಾಗಿ ಕಂಡಿತು, ಇಷ್ಟು ಹೇಳಿದರೆ ಪೊಲೀಸರು ಬಾಗಿಲು ತಟ್ಟುತ್ತಾರೆ. ಅಷ್ಟು ತುರ್ತಿಲ್ಲದಿದ್ದರೆ ಡೀನ್ ಆಫ್ ಸ್ಟೂಡೆಂಟ್ಸ್ ಕಚೇರಿಗೆ ಇದನ್ನೇ ಇಮೇಲ್ ಮಾಡಬಹುದು. ಇಲ್ಲಿರುವ ನಿಮಗೆ ಮನಸ್ಸು ತೀರಾ ಕುಸಿದಾಗ 988ಕ್ಕೆ ಕರೆ ಅಥವಾ ಮೆಸೇಜ್ ಮಾಡಿದರೆ ಹಗಲು ರಾತ್ರಿ ಮಾತಿಗೆ ಜನ ಸಿಗುತ್ತಾರೆ.

ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ನ್ಯೂಯಾರ್ಕ್ ಭಾಗದಲ್ಲಿದ್ದರೆ ಊರಿನ ಜೊತೆಗಿನ ಅಂತರ ಒಂಬತ್ತೂವರೆಯಿಂದ ಹತ್ತೂವರೆ ಗಂಟೆಯಾಗುತ್ತದೆ. ಇದನ್ನೂ ಅಮ್ಮನಿಗೆ ಮೊದಲೇ ಹೇಳಿಡಿ, ಅಂದು ಫೋನ್ ತಡವಾಗಿ ಬಂದರೆ ಗಾಬರಿಯಾಗದಿರಲಿ.

ಹಣದ ವಿಷಯದಲ್ಲಿ ಕೆಡುವುದು ಸಾಮಾನ್ಯವಾಗಿ ತಾರೀಖಿನಿಂದ. ಫೀಸು ತಡವಾದರೆ ಖಾತೆಗೆ ಹೋಲ್ಡ್ ಬೀಳುತ್ತದೆ, ಮುಂದಿನ ಸೆಮಿಸ್ಟರ್‌ಗೆ ನೋಂದಣಿ ಆಗುವುದಿಲ್ಲ, ನೋಂದಣಿಯಿಲ್ಲದೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾದ ಸ್ಥಾನ, ಉಳಿಯುವುದಿಲ್ಲ. ಬ್ಯಾಂಕು ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್, ಪ್ಯಾನ್, ಯೂನಿವರ್ಸಿಟಿಯ ಬಿಲ್ ಕೇಳುತ್ತದೆ. ಸಾಲವಾದರೆ ಪ್ರತಿ ಕಂತಿಗೂ ಹೊಸ ಬಿಲ್. ಕೊನೆಯ ದಿನಕ್ಕಿಂತ ಮೂರು ವಾರ ಮೊದಲೇ ಶುರುಮಾಡಿ. ನಡುವಿನ ಬ್ಯಾಂಕುಗಳು ತಮ್ಮ ಶುಲ್ಕ ಮುರಿದುಕೊಂಡರೆ ಕೆಲವೇ ಡಾಲರ್ ಕಡಿಮೆಯಾಗಿ ಹೋಲ್ಡ್ ಹಾಗೇ ಉಳಿಯುತ್ತದೆ, ಆದ್ದರಿಂದ ಎಲ್ಲ ಶುಲ್ಕ ಕಳಿಸುವವರದ್ದೇ ಎಂಬ ಆಯ್ಕೆ ಹಾಕಿಸಿ. 2025ರ ಏಪ್ರಿಲ್‌ನಿಂದ ಮಾನ್ಯ ಸಂಸ್ಥೆಯ ಶಿಕ್ಷಣ ಸಾಲದ ಹಣಕ್ಕೆ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ರೂ. ದಾಟಿದ ಭಾಗಕ್ಕೆ ಮಾತ್ರ. ಹಿಡಿದದ್ದು ಯಾರ ಪ್ಯಾನ್‌ನಿಂದ ಹಣ ಹೋಯಿತೋ ಅವರ ಲೆಕ್ಕಕ್ಕೆ ಸೇರುತ್ತದೆ, ಅಪ್ಪ ತಮ್ಮ ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬೇಕು.

ನನಗೆ ನಿಜವಾಗಿ ಕಳವಳ ತರುವುದು ಮುಚ್ಚಿಡುವ ಸಂಗತಿ. ಮನೆಯನ್ನೋ ಸೈಟನ್ನೋ ಅಡವಿಟ್ಟು ಕಳಿಸಿದ್ದಾರೆ ಎಂಬ ಭಾರ ಹೊತ್ತ ಹುಡುಗ ಹುಡುಗಿಯರು ಸೋಲನ್ನು ಮನೆಗೆ ಹೇಳುವುದಿಲ್ಲ. ಎಂ.ಎಸ್.ನಲ್ಲಿ ಸಾಮಾನ್ಯವಾಗಿ ಜಿಪಿಎ 3.0ಕ್ಕಿಂತ ಇಳಿದರೆ ಪ್ರೊಬೇಷನ್ ಪತ್ರ ಬರುತ್ತದೆ, ಅದು ನಿಮ್ಮ ಇಮೇಲ್‌ಗೆ ಮಾತ್ರ. ಆಗ ಗಾಬರಿಯಲ್ಲಿ ಒಂದು ಕೋರ್ಸ್ ಕೈಬಿಟ್ಟರೆ ಪೂರ್ಣಾವಧಿ ಕ್ರೆಡಿಟ್ ತಪ್ಪಿ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ದಾಖಲೆ ರದ್ದಾಗಬಹುದು. ಕೈಬಿಡುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅಧಿಕಾರಿಯಾದ ಡಿಎಸ್‌ಒ ಅನುಮತಿ ಕೊಟ್ಟಿರಬೇಕು. ದೇಹ ಅಥವಾ ಮನಸ್ಸಿನ ಕಾಯಿಲೆಯಾದರೆ ವೈದ್ಯರ ಅಥವಾ ಲೈಸೆನ್ಸ್ ಇರುವ ಮನಶ್ಶಾಸ್ತ್ರಜ್ಞರ ಪತ್ರದ ಮೇಲೆ ಕೋರ್ಸ್ ಕಡಿಮೆ ಮಾಡಿಕೊಳ್ಳಬಹುದು, ಒಂದು ಪದವಿ ಹಂತಕ್ಕೆ ಒಟ್ಟು 12 ತಿಂಗಳವರೆಗೆ. ಓದು ನಿಲ್ಲಿಸಿ ಊರಿಗೆ ಹೋಗುವುದೇ ಸರಿ ಎನಿಸಿದರೂ ಮೊದಲು ಡಿಎಸ್‌ಒ ಒಪ್ಪಿಗೆ ಪಡೆಯಿರಿ. ಆಮೇಲೆ ಹೊರಡಲು 15 ದಿನ ಸಿಗುತ್ತದೆ. ಅಮೆರಿಕಕ್ಕೆ ಹೊರಡುವ ಮುಂಚೆಯೇ ಅಪ್ಪ ಅಮ್ಮನ ಜೊತೆ ಕೂತು ಒಂದು ಮಾತು ಮಾಡಿಕೊಳ್ಳಿ: ಪ್ರೊಬೇಷನ್ ಪತ್ರ ಬಂದರೆ ಅದೇ ವಾರ ಹೇಳುತ್ತೇನೆ, ಆ ದಿನ ನೀವು ಸಾಲದ ಮಾತೆತ್ತಬಾರದು. ಈ ಒಪ್ಪಂದದ ಎರಡನೇ ಅರ್ಧ ಮನೆಯವರ ಕೈಯಲ್ಲಿದೆ.

ತೊಂದರೆ ಊರ ಕಡೆಯಿಂದ ಬರುವುದೂ ಉಂಟು. ತಂದೆಯ ಕೆಲಸ ಹೋದರೆ, ದೊಡ್ಡ ಆಸ್ಪತ್ರೆ ಖರ್ಚು ಬಂದರೆ ಅಂಗಡಿಯಲ್ಲಿ ನಗದು ಕೂಲಿಗೆ ನಿಲ್ಲಬೇಡಿ, ಅದರಿಂದ ವೀಸಾ ಹೋಗುತ್ತದೆ. ಎಫ್-1ನಲ್ಲಿ ಒಂದು ಶೈಕ್ಷಣಿಕ ವರ್ಷ ಮುಗಿದಿದ್ದರೆ ಅನಿರೀಕ್ಷಿತ ಆರ್ಥಿಕ ಸಂಕಷ್ಟದ ಆಧಾರದ ಮೇಲೆ ಡಿಎಸ್‌ಒ ಶಿಫಾರಸಿನೊಂದಿಗೆ ಕೆಲಸದ ಅನುಮತಿಗೆ ಐ-765 ಅರ್ಜಿ ಹಾಕಿ, ಅನುಮತಿ ಬಂದ ಮೇಲೆ ಕ್ಯಾಂಪಸ್ ಹೊರಗೆ ವಾರಕ್ಕೆ 20 ಗಂಟೆ ದುಡಿಯಬಹುದು. ಸಾವಿನ ಸುದ್ದಿ ಬಂದು ತಕ್ಷಣ ಹೊರಡಬೇಕಾದರೆ ಡೀನ್ ಕಚೇರಿಗೆ ಒಂದು ಇಮೇಲ್ ಹಾಕಿ, ಪ್ರೊಫೆಸರ್‌ಗಳಿಗೆ ಅವರು ತಿಳಿಸುತ್ತಾರೆ. ಯೂನಿವರ್ಸಿಟಿ ಕೊಟ್ಟ ಐ-20 ಪತ್ರದ ಮೇಲಿನ ಪ್ರಯಾಣದ ಸಹಿ ಒಂದು ವರ್ಷದೊಳಗಿನದ್ದೇ, ವೀಸಾ ಸ್ಟಾಂಪ್ ಚಾಲ್ತಿಯಲ್ಲಿದೆಯೇ ನೋಡಿಕೊಂಡು ಹತ್ತಿ. ಸ್ಟಾಂಪ್ ಮುಗಿದಿದ್ದರೆ ವಾಪಸಾಗಲು ಊರಿನಲ್ಲಿ ಹೊಸದು ಮಾಡಿಸಬೇಕು.

ಹತ್ತಿರದಲ್ಲಿ ಮನೆಯ ಹಿರಿಯರಂಥವರು ಬೇಕೆನಿಸಿದರೆ ಕನ್ನಡ ಕೂಟಕ್ಕೆ ಹೋಗಿ. ವಾಷಿಂಗ್ಟನ್ ಸುತ್ತ ಕಾವೇರಿ, ಶಿಕಾಗೋದಲ್ಲಿ ವಿದ್ಯಾರಣ್ಯ, ಮಿಷಿಗನ್‌ನಲ್ಲಿ ಪಂಪ. ಆ ಪ್ರಾಕ್ಸಿ ಪತ್ರಕ್ಕೆ ಬೇಕಾದ ಇಲ್ಲಿಯ ಹೆಸರು ಎಷ್ಟೋ ಸಲ ಹೀಗೇ ಸಿಗುತ್ತದೆ, ಆದರೆ ಅವರ ಒಪ್ಪಿಗೆ ಕೇಳಿಯೇ ಬರೆಯಿರಿ. ಅಪ್ಪ ಅಮ್ಮ ಪದವಿ ಪ್ರದಾನಕ್ಕೆ ಬರುವುದಿದ್ದರೆ ಅವರಿಗೆ ಬೇಕಾದ್ದು ಬಿ-2 ಪ್ರವಾಸಿ ವೀಸಾ. ಎಫ್-2 ಗಂಡ ಅಥವಾ ಹೆಂಡತಿಗೆ ಮತ್ತು 21 ತುಂಬದ ಮಕ್ಕಳಿಗೆ ಮಾತ್ರ. ಯೂನಿವರ್ಸಿಟಿ ವಸತಿಯಲ್ಲಿದ್ದರೆ ಅತಿಥಿಗಳು ಎಷ್ಟು ರಾತ್ರಿ ತಂಗಬಹುದು ಎಂಬುದು ಲೀಸ್‌ನಲ್ಲಿರುತ್ತದೆ, ಟಿಕೆಟ್ ತೆಗೆಸುವ ಮೊದಲು ಅದನ್ನು ಓದಿಕೊಳ್ಳಿ.